ಎಸ್‌ಎಂಪಿಎಸ್ ಎಂಬ ಎಮ್ಮೆ

“ಕಂಪ್ಯೂಟರ್ ಆನ್ ಆಗುತ್ತೆ, ಆದ್ರೆ ನಿಲ್ಲಲ್ಲ, ತಾನೇ ಆಫ್ ಆಗ್ಬಿಡುತ್ತೆ” ಎಂದು ನಾಲ್ಕು ಜನ ಇರುವ ಕಡೆ ಹೇಳಿ ನೋಡಿ. ನಿಮ್ಮ ಮಾತು ಮುಗಿಯುವ ಮೊದಲೇ ಮೂವರು “ಎಸ್‌ಎಂಪಿಎಸ್ ಹೋಗಿದೆ” ಎಂದಿರುತ್ತಾರೆ. ನಾಲ್ಕನೆಯವನು ಸುಮ್ಮನಿದ್ದರೆ ಅದು ಅನುಮಾನದಿಂದಲ್ಲ, ಹೇಳಿದ್ದನ್ನೇ ಮತ್ತೆ ಹೇಳುವುದೇಕೆ ಎಂದು. ಎಷ್ಟು ಹೊತ್ತಿಗೆ ಆಫ್ ಆಗುತ್ತದೆ, ಏನು ಮಾಡುತ್ತಿದ್ದಾಗ, ಯಾವತ್ತಿನಿಂದ, ಇದನ್ನು ಮಾತ್ರ ಒಬ್ಬನೂ ಕೇಳುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಗಾದೆಯಲ್ಲಿ, ಕೊನೇಪಕ್ಷ ಎತ್ತಿಗೆ ಜ್ವರವಿದೆ ಎಂಬುದನ್ನಾದರೂ ಯಾರೋ ಮೈಮುಟ್ಟಿ ನೋಡಿದ್ದರು. ನಮ್ಮ ಕಂಪ್ಯೂಟರ್ ವೈದ್ಯರಲ್ಲಿ ಅಷ್ಟೂ ಇಲ್ಲ. ಬರೆ ಕಾಯಿಸಿ ಇಟ್ಟುಕೊಂಡೇ ಕೂತಿರುತ್ತಾರೆ.

ಗೋಡೆಯಿಂದ ಬರುವ 230 ವೋಲ್ಟ್ ಕರೆಂಟನ್ನು 12, 5, 3.3 ವೋಲ್ಟ್‌ಗಳಾಗಿ ಒಡೆದು ಒಳಗಿನ ಭಾಗಗಳಿಗೆ ಹಂಚುವ ತಗಡಿನ ಡಬ್ಬಿಯೇ ಎಸ್‌ಎಂಪಿಎಸ್. ಅದು ಕೆಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಕೆಡುತ್ತದೆ, ಬೇಕಾದಷ್ಟು ಸಲ ಕೆಡುತ್ತದೆ. ನನ್ನ ತಕರಾರು ಇರುವುದು, ಕೆಟ್ಟಿದೆಯೋ ಇಲ್ಲವೋ ನೋಡದೆ ಬದಲಿಸುವುದನ್ನೇ ರಿಪೇರಿ ಎಂದು ಕರೆಯುವ ಪದ್ಧತಿಯ ಮೇಲೆ. ಅದಕ್ಕಿಂತ ಹೆಚ್ಚಾಗಿ, “ಬದಲಿಸಿದೆ, ಸರಿಯಾಯ್ತು, ಹಾಗಾದ್ರೆ ಅದೇ ಕೆಟ್ಟಿತ್ತು” ಎಂಬ ತರ್ಕದ ಮೇಲೆ.

ನನ್ನ ಅಕ್ಕನ ಮಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಎರಡು ಸಲ ಹೋಗಿ, ಅಂಗಡಿ ಅಂಗಡಿ ಅಲೆದು ಚೌಕಾಸಿ ಮಾಡಿ, ಬಿಡಿಭಾಗಗಳನ್ನು ತಂದು ತಾನೇ ಕೂತು ಜೋಡಿಸಿದ. ಹತ್ತು ತಿಂಗಳು ಚೆನ್ನಾಗಿಯೇ ಓಡಿತು. ಮಳೆಗಾಲದ ಒಂದು ಬೆಳಿಗ್ಗೆ ಗುಂಡಿ ಒತ್ತಿದರೆ ಫ್ಯಾನುಗಳು ತಿರುಗಿದವು, ಬಣ್ಣದ ದೀಪಗಳು ಬೆಳಗಿದವು, ಮಾನಿಟರಿನಲ್ಲಿ ಕಂಪನಿಯ ಲೋಗೋ ಬರುವಷ್ಟರಲ್ಲಿ ಎಲ್ಲವೂ ಟಪ್ಪೆಂದು ಆರಿತು. ಗೆಳೆಯರು ಎಸ್‌ಎಂಪಿಎಸ್ ಎಂದರು. ಊರಿನ ಅಂಗಡಿಯೊಂದಕ್ಕೆ ಒಯ್ದ, ಅಲ್ಲಿಯೂ ಎಸ್‌ಎಂಪಿಎಸ್ ಎಂದರು. ಒಂದು ದಿನ ಇಟ್ಟುಕೊಂಡು ಹೊಸದು ಹಾಕಿದರು, 2,600 ರೂಪಾಯಿ. ಅಂಗಡಿಯ ಮೇಜಿನ ಮೇಲೆ ಒಂದು ಗಂಟೆ ಓಡಿಸಿ ತೋರಿಸಿದರು. ಮನೆಗೆ ತಂದು ಗುಂಡಿ ಒತ್ತಿದ. ಟಪ್.

ಮತ್ತೆ ಒಯ್ದ. ಅಂಗಡಿಯಲ್ಲಿ ಮತ್ತೆ ಚೆನ್ನಾಗಿ ಓಡಿತು. “ನಿಮ್ಮನೆ ಕರೆಂಟೇ ಸರಿಯಿಲ್ಲ” ಎಂಬ ತೀರ್ಪಾಯಿತು. ಮನೆಯಲ್ಲಿ ಬೇರೆ ಬೇರೆ ಕೋಣೆಯ ಪ್ಲಗ್ಗಿಗೆ ಹಾಕಿ ನೋಡಿದ್ದಾಯಿತು. ಮೂರನೆಯ ಸಲ “ಹಾಗಾದ್ರೆ ಮದರ್‌ಬೋರ್ಡೇ ಇರ್ಬೇಕು” ಎಂದರು. ಅಷ್ಟು ಹೊತ್ತಿಗೆ ಹುಡುಗನಿಗೆ ಭಯ ಹತ್ತಿ ನನಗೆ ಫೋನ್ ಮಾಡಿದ. “ಮಾವಾ, ಬೋರ್ಡಿಗೆ ಎಂಟು ಸಾವಿರ ಆಗುತ್ತಂತೆ, ಏನ್ ಮಾಡ್ಲಿ?”

“ಎಷ್ಟು ಹೊತ್ತಿಗೆ ಆಫ್ ಆಗುತ್ತೋ?” ಎಂದೆ.

“ಸ್ವಲ್ಪ ಹೊತ್ತಿಗೆ.”

“ಸ್ವಲ್ಪ ಅಂದ್ರೆ ಎಷ್ಟು?”

ಅವನಿಗೆ ಗೊತ್ತಿರಲಿಲ್ಲ. ಮೂರು ಸಲ ಅಂಗಡಿ ಕಂಡ ಯಂತ್ರದ ಬಗ್ಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ರೇಡಿಯೊ ರಿಪೇರಿಯವರೊಬ್ಬರಿದ್ದರು. ಕೆಟ್ಟ ರೇಡಿಯೊ ತಂದು ಮುಂದಿಟ್ಟರೆ ಮುಚ್ಚಳ ಬಿಚ್ಚುವುದಕ್ಕೆ ಮೊದಲು “ಹಾಕಿ ಎಷ್ಟು ಹೊತ್ತಿಗೆ ಕೈಕೊಡುತ್ತೆ?” ಎಂದೇ ಶುರು ಮಾಡುತ್ತಿದ್ದರು. ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ ಎಂಬುದರಲ್ಲೇ ಅವರಿಗೆ ಅರ್ಧ ರೋಗ ಸಿಕ್ಕಿರುತ್ತಿತ್ತು.

ಭಾನುವಾರ ಹೋದೆ. ಅವನು ಗುಂಡಿ ಒತ್ತಿದ, ನಾನು ಜೋರಾಗಿ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಟಪ್. ಮತ್ತೆ ಒತ್ತಿದರೆ ಏನೂ ಇಲ್ಲ. ಅವನು ರೂಢಿಯಂತೆ ಗುಂಡಿಯನ್ನು ಎರಡು ಮೂರು ಸಲ ಕುಟ್ಟಿದ, ಹೊತ್ತಿಕೊಂಡಿತು. ಒಂದು, ಎರಡು, ಮೂರು, ನಾಲ್ಕು, ಟಪ್. ಐದು ಸಲ ಮಾಡಿದೆವು, ಐದೂ ಸಲ ಅದೇ ಲೆಕ್ಕ. ಕೆಟ್ಟ ಕರೆಂಟಿಗೂ ಸುಟ್ಟ ಬಿಡಿಭಾಗಕ್ಕೂ ಇಷ್ಟೊಂದು ಶಿಸ್ತು ಇರುವುದಿಲ್ಲ. ನಾಲ್ಕು ಸೆಕೆಂಡು ಎಂಬುದು ಬೇರೆಯೇ ಒಂದು ಗುರುತು.

ಹಳೆಯ ಕಂಪ್ಯೂಟರುಗಳಲ್ಲಿ ಮುಂದಿದ್ದ ಗುಂಡಿ ಮನೆಯ ಲೈಟಿನ ಸ್ವಿಚ್ಚಿನಂತೆ ನೇರವಾಗಿ ಕರೆಂಟನ್ನೇ ಕತ್ತರಿಸುತ್ತಿತ್ತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ವಿನ್ಯಾಸ ತಂದ ಮೇಲೆ ಆ ಗುಂಡಿ ಕರೆಗಂಟೆಯಾಯಿತು. ಒತ್ತಿದರೆ ಮದರ್‌ಬೋರ್ಡಿಗೆ ಸುದ್ದಿ ಹೋಗುತ್ತದೆ, ಬೋರ್ಡು ಎಸ್‌ಎಂಪಿಎಸ್‌ಗೆ ಹಸಿರು ತಂತಿಯ ಮೂಲಕ “ಏಳು” ಎನ್ನುತ್ತದೆ, ಅದು ಏಳುತ್ತದೆ. ಕಂಪ್ಯೂಟರ್ ಹ್ಯಾಂಗ್ ಆದಾಗ ನಾವೆಲ್ಲ ಏನು ಮಾಡುತ್ತೇವೆ? ಗುಂಡಿಯನ್ನು ಒತ್ತಿ ಹಿಡಿಯುತ್ತೇವೆ. ನಾಲ್ಕು ಸೆಕೆಂಡು ಬಿಡದೆ ಹಿಡಿದರೆ ಬೋರ್ಡು ಎಲ್ಲವನ್ನೂ ಆರಿಸಬೇಕು, ಅದು ನಿಯಮ. ಹುಡುಗನ ಕ್ಯಾಬಿನೆಟ್ಟಿನ ಗುಂಡಿ ತನ್ನ ಅಂಚಿಗಿಂತ ಒಂದು ಅಕ್ಕಿಕಾಳಿನಷ್ಟು ಒಳಗೆ ಕೂತಿತ್ತು. ಧೂಳೂ ಮಳೆಗಾಲದ ಥಂಡಿಯೂ ಸೇರಿ ಅಂಟಿಕೊಂಡಿತ್ತು, ಒತ್ತಿದ್ದು ಹಿಂದಕ್ಕೆ ಬರುತ್ತಿರಲಿಲ್ಲ. ಬೋರ್ಡಿನ ಮಟ್ಟಿಗೆ ಯಾರೋ ಗುಂಡಿಯನ್ನು ಹಿಡಿದುಕೊಂಡೇ ಕೂತಿದ್ದರು. ಅದು ಹೇಳಿದ ಮಾತು ಕೇಳಿ ಆರುತ್ತಿತ್ತು. ಇಡೀ ಮನೆಯಲ್ಲಿ ಆವತ್ತು ನೂರಕ್ಕೆ ನೂರು ಸರಿಯಾಗಿ ಕೆಲಸ ಮಾಡುತ್ತಿದ್ದದ್ದು ಆ ಬೋರ್ಡು ಮತ್ತು ಆ ಎಸ್‌ಎಂಪಿಎಸ್.

ಹಾಗಾದರೆ ಅಂಗಡಿಯಲ್ಲಿ ಹೇಗೆ ಓಡಿತು? ಇದೇ ನನ್ನ ವಾದದ ತಿರುಳು. ಅಂಗಡಿಯ ಮೇಜಿನ ಮೇಲೆ ಕೆಲಸಗಾರ ಕ್ಯಾಬಿನೆಟ್ಟಿನ ಗುಂಡಿಯನ್ನು ಮುಟ್ಟುವುದೇ ಇಲ್ಲ. ಗುಂಡಿಯಿಂದ ಬರುವ ಪುಟ್ಟ ತಂತಿಯನ್ನು ಬೋರ್ಡಿನಿಂದ ಕಿತ್ತು, ಅಲ್ಲಿರುವ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿ ಆನ್ ಮಾಡುತ್ತಾನೆ. ಕೈಗೆ ಬಂದ ಅಭ್ಯಾಸ, ತಪ್ಪೇನಲ್ಲ. ಆದರೆ ಅವನು ಒಂದು ಸಲಕ್ಕೆ ಎರಡು ಬದಲಾವಣೆ ಮಾಡಿದ್ದ: ಹೊಸ ಎಸ್‌ಎಂಪಿಎಸ್ ಹಾಕಿದ್ದು ಒಂದು, ಗುಂಡಿಯನ್ನು ದಾರಿಯಿಂದ ತೆಗೆದದ್ದು ಇನ್ನೊಂದು. ರೋಗ ಹೋದದ್ದು ಎರಡನೆಯದರಿಂದ. ಬಿಲ್ ಬಂದದ್ದು ಮೊದಲನೆಯದಕ್ಕೆ. ಮನೆಗೆ ಕಳಿಸುವಾಗ ಗುಂಡಿಯ ತಂತಿಯನ್ನು ಮತ್ತೆ ಸಿಕ್ಕಿಸಿದ, ರೋಗವನ್ನೂ ಜೊತೆಗೆ ಕಟ್ಟಿ ಕಳಿಸಿದ.

ಬದಲಿಸಿ ನೋಡುವ ವಿಧಾನವನ್ನು ನಾನು ಹಳಿಯುತ್ತಿಲ್ಲ. ಅದಕ್ಕೊಂದು ಕ್ರಮವಿದೆ, ಅದರ ಕೊನೆಯ ಅರ್ಧವನ್ನು ಎಲ್ಲರೂ ನುಂಗಿಹಾಕಿದ್ದಾರೆ. ಹೊಸದು ಹಾಕಿದಾಗ ಸರಿಯಾದರೆ ಹಳೆಯದನ್ನು ಮರಳಿ ಹಾಕಿ ನೋಡಬೇಕು. ರೋಗ ಮರಳಿ ಬಂದರೆ ಆಗ ಹಳೆಯದು ಅಪರಾಧಿ. ಬರದಿದ್ದರೆ ಸಡಿಲವಾಗಿದ್ದ ಯಾವುದೋ ಕನೆಕ್ಟರ್ ಬಿಚ್ಚಿ ಹಾಕುವಾಗ ಸರಿಯಾಗಿ ಕೂತಿತು, ಅಷ್ಟೇ. ಐದು ನಿಮಿಷದ ಕೆಲಸ. ಇದನ್ನು ಮಾಡುವ ಅಂಗಡಿಯನ್ನು ನಾನು ಇಷ್ಟು ವರ್ಷಗಳಲ್ಲಿ ಒಂದನ್ನೂ ನೋಡಿಲ್ಲ. ಹಳೆಯದು ಹಾಕಿಯೂ ಓಡಿಬಿಟ್ಟರೆ ಹೊಸದನ್ನು ಮಾರುವುದು ಹೇಗೆ ಎಂಬ ಕಷ್ಟವೂ ಇದೆಯೆನ್ನಿ.

ಯಂತ್ರ ಎಷ್ಟು ಹೊತ್ತು ನಿಂತು ಆರಿತು ಎಂಬುದೇ ಅದರ ಮಾತು. ಗುಂಡಿ ಒತ್ತಿದೊಡನೆ ಫ್ಯಾನು ಒಮ್ಮೆ ಬೆಚ್ಚಿದಂತೆ ಅಲುಗಿ, ಅರ್ಧ ಸೆಕೆಂಡಿನೊಳಗೆ ನಿಂತರೆ ಎಲ್ಲೋ ಶಾರ್ಟ್ ಆಗಿದೆ ಎಂದು ಮೊದಲು ಅನುಮಾನಿಸಬೇಕು. ಮನೆಯಲ್ಲಿ ಜೋಡಿಸಿದ ಕಂಪ್ಯೂಟರಿನಲ್ಲಿ ಇದಕ್ಕೊಂದು ಪ್ರಸಿದ್ಧ ಕಾರಣವಿದೆ. ಮದರ್‌ಬೋರ್ಡನ್ನು ಕ್ಯಾಬಿನೆಟ್ಟಿನ ತಗಡಿನಿಂದ ಎತ್ತಿ ನಿಲ್ಲಿಸಲು ಹಿತ್ತಾಳೆಯ ಪುಟ್ಟ ಕಾಲುಗಳನ್ನು ತಿರುಪುತ್ತೇವೆ. ಬೋರ್ಡಿನಲ್ಲಿ ತೂತಿಲ್ಲದ ಕಡೆ ಒಂದು ಕಾಲು ಹೆಚ್ಚಿಗೆ ಉಳಿದರೆ ಅದು ಬೋರ್ಡಿನ ಬೆನ್ನಿಗೆ ಚುಚ್ಚಿ, ಅಲ್ಲಿನ ಬೆಸುಗೆಗಳನ್ನು ನೇರ ತಗಡಿಗೆ ಸೇರಿಸುತ್ತದೆ. ಆಗ ಎಸ್‌ಎಂಪಿಎಸ್ ಮಾಡುವುದೇನು? ಅಗತ್ಯಕ್ಕಿಂತ ಹೆಚ್ಚು ಆಂಪಿಯರ್ ಎಳೆಯುತ್ತಿರುವುದನ್ನು ಕಂಡು ತನ್ನನ್ನು ತಾನು ಆರಿಸಿಕೊಳ್ಳುತ್ತದೆ. ಕೆಲವಂತೂ ಗೋಡೆಯ ಸ್ವಿಚ್ ಆರಿಸಿ ಸ್ವಲ್ಪ ಹೊತ್ತು ಕಾಯುವವರೆಗೆ ಮತ್ತೆ ಏಳುವುದೇ ಇಲ್ಲ. ಮನೆಗೆ ಬೆಂಕಿ ಬೀಳದ ಹಾಗೆ ನೋಡಿಕೊಂಡ ಕಾವಲುಗಾರ ಅದು. ನಾವು ಅವನನ್ನೇ ಕೆಲಸದಿಂದ ತೆಗೆದು, ಕೆಲವೊಮ್ಮೆ ಅವನಷ್ಟು ಎಚ್ಚರವಿಲ್ಲದ ಅಗ್ಗದವನನ್ನು ತಂದು ಕೂರಿಸುತ್ತೇವೆ. ಅವನು ಆರಿಸುವುದಿಲ್ಲ. “ನೋಡಿ, ಈಗ ನಿಲ್ತು” ಎನ್ನುತ್ತಾರೆ. ಬೋರ್ಡಿನ ಬೆನ್ನು ಮಾತ್ರ ಬೇಯುತ್ತಿರುತ್ತದೆ.

ಅರ್ಧ ನಿಮಿಷವೋ ಎರಡು ನಿಮಿಷವೋ ಓಡಿ ಆರಿದರೆ ಕೈ ಹೋಗಬೇಕಾದದ್ದು ಪ್ರೊಸೆಸರಿನ ಮೇಲಿನ ಹೀಟ್‌ಸಿಂಕಿನ ಕಡೆ. ಅದನ್ನು ಹಿಡಿದಿಡುವ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಪೂರ್ತಿ ಕೂತಿರದಿದ್ದರೆ, ಅಥವಾ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಕೀಳುವುದನ್ನೇ ಮರೆತಿದ್ದರೆ, ಬಿಸಿ ಎಲ್ಲಿಗೂ ಹೋಗುವುದಿಲ್ಲ. ಹಾಳೆ ಕೀಳದೆ ಹಾಕಿದವರನ್ನು ನೋಡಿ ನಗಬೇಡಿ, ನಾನೂ ಒಮ್ಮೆ ಹಾಕಿದ್ದೇನೆ. ಈಗಿನ ಪ್ರೊಸೆಸರುಗಳು 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಮೊದಲು ವೇಗ ತಗ್ಗಿಸಿಕೊಳ್ಳುತ್ತವೆ, ಅದಕ್ಕೂ ಜಗ್ಗದಿದ್ದರೆ ಬೋರ್ಡಿಗೆ ಸೂಚನೆ ಕೊಟ್ಟು ಕರೆಂಟು ಕತ್ತರಿಸಿಕೊಳ್ಳುತ್ತವೆ. ಈ ಬುದ್ಧಿ ಅವಕ್ಕೆ ಹುಟ್ಟಿನಿಂದ ಬಂದದ್ದಲ್ಲ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಪ್ರಕಟಣೆಯವರು ಓಡುತ್ತಿರುವ ಕಂಪ್ಯೂಟರುಗಳಿಂದ ಹೀಟ್‌ಸಿಂಕ್ ಕಿತ್ತು ವಿಡಿಯೊ ಮಾಡಿದರು. ಪೆಂಟಿಯಂ 4 ತೆವಳುತ್ತಾ ಓಡುತ್ತಲೇ ಇತ್ತು, ಎಎಂಡಿಯ ಅಥ್ಲಾನ್ ಕೆಲವೇ ಸೆಕೆಂಡುಗಳಲ್ಲಿ ಹೊಗೆಯಾಡಿ ಸತ್ತಿತು. ಇವತ್ತು ಆರಿಹೋಗುವ ಯಂತ್ರವನ್ನು ನೋಡಿ ಹಲ್ಲು ಕಡಿಯುವವರು ಆ ಹೊಗೆಯನ್ನು ಒಮ್ಮೆ ನೋಡಬೇಕಿತ್ತು.

ಇನ್ನು ಇಡೀ ದಿನ ಸುಮ್ಮನಿದ್ದು, ದೊಡ್ಡ ಗೇಮ್ ತೆರೆದಾಗ ಮಾತ್ರ ಆರುವ ಯಂತ್ರ. ಇಲ್ಲಿ ಎಸ್‌ಎಂಪಿಎಸ್‌ನ ಮಾತು ಎತ್ತುವುದು ನ್ಯಾಯ. ಆದರೆ ಇಲ್ಲಿಯೂ “ಹೋಗಿದೆ” ಎನ್ನುವುದು ಬಹಳ ಸಲ ಸುಳ್ಳು. ಅದು ಕೆಟ್ಟಿರುವುದಿಲ್ಲ, ಹೊರಲಾರದ ಹೊರೆಯನ್ನು ಅದರ ಮೇಲೆ ಹೇರಿರುತ್ತೇವೆ. ಕ್ಯಾಬಿನೆಟ್ಟಿನ ಜೊತೆ ಬಂದಿದ್ದ ಒಂದು ಡಬ್ಬಿ ನನ್ನ ಬಳಿಯಿದೆ. ಮೇಲೆ ದಪ್ಪಕ್ಷರದಲ್ಲಿ 450 ಎಂದಿದೆ. ಪಕ್ಕದ ಚೀಟಿಯಲ್ಲಿ ಸಣ್ಣಕ್ಷರದಲ್ಲಿ 12 ವೋಲ್ಟಿಗೆ 14 ಆಂಪಿಯರ್ ಎಂದಿದೆ. ಗುಣಿಸಿದರೆ 168 ವ್ಯಾಟ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು ಹೆಚ್ಚುಕಡಿಮೆ ಈ 12 ವೋಲ್ಟಿನ ತಟ್ಟೆಯಿಂದಲೇ. 450 ಎಂಬ ಅಂಕಿ ಯಾವ ಪಂಚಾಂಗದಿಂದ ಬಂತೋ ದೇವರೇ ಬಲ್ಲ. ಒಳ್ಳೆಯ ಎಸ್‌ಎಂಪಿಎಸ್‌ಗಳೂ ಮುಗ್ಗರಿಸಿದ್ದುಂಟು. 2020ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 3080, 3090 ಕಾರ್ಡುಗಳು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ತಮ್ಮ ಎಂದಿನ ಪಾಲಿಗಿಂತ ಬಹಳ ಹೆಚ್ಚು ಎಳೆಯುತ್ತಿದ್ದವು. ಕೆಲವು ಎಸ್‌ಎಂಪಿಎಸ್‌ಗಳು ಅದನ್ನು ಶಾರ್ಟ್ ಎಂದೇ ತಿಳಿದು ಆರಿಕೊಳ್ಳುತ್ತಿದ್ದವು. 2022ರ ಎಟಿಎಕ್ಸ್ 3.0 ನಿಯಮದಲ್ಲಿ, ತನ್ನ ಶಕ್ತಿಯ ಎರಡು ಪಟ್ಟಿನ ಹೊರೆಯನ್ನು 100 ಮೈಕ್ರೊಸೆಕೆಂಡಿನ ಮಟ್ಟಿಗೆ ತಾಳಿಕೊಳ್ಳಬೇಕೆಂದು ಬರೆದರು. ನಿಯಮವನ್ನೇ ಬದಲಿಸಬೇಕಾಗಿ ಬಂದದ್ದು ಡಬ್ಬಿಗಳು ಕೆಟ್ಟಿದ್ದವೆಂದಲ್ಲ, ಲೆಕ್ಕ ತಪ್ಪಿತ್ತೆಂದು. “ಹೋಗಿದೆ” ಎಂದು ಅದೇ 450ರ ಇನ್ನೊಂದು ಡಬ್ಬಿ ಹಾಕಿಸಿಕೊಂಡವನಿಗೆ ಈ ವ್ಯತ್ಯಾಸ ಮುಂದಿನ ಭಾನುವಾರದ ಗೇಮಿನಲ್ಲಿ ತಿಳಿಯುತ್ತದೆ.

ಕರೆಂಟ್ ಹೋದಾಗ ಮಾತ್ರ ಆರುವ ಕಂಪ್ಯೂಟರಿನ ಕಥೆ ನಮ್ಮ ಊರುಗಳಿಗೇ ವಿಶೇಷ. ಗೋಡೆಯ ಕರೆಂಟು ನಿಂತ ಮೇಲೂ ಎಸ್‌ಎಂಪಿಎಸ್ ತನ್ನೊಳಗಿನ ಕೂಡಿಟ್ಟದ್ದರಲ್ಲಿ ಸುಮಾರು 16 ಮಿಲಿಸೆಕೆಂಡು ನಿಭಾಯಿಸುತ್ತದೆ. ಮನೆಯ ಇನ್ವರ್ಟರ್ ಅಷ್ಟರೊಳಗೆ ಬ್ಯಾಟರಿಗೆ ಹೊರಳಬೇಕು. ಎಷ್ಟೋ ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂದು ಒಂದು ಸಣ್ಣ ಸ್ವಿಚ್ ಇರುತ್ತದೆ, ಕೂರಿಸಿ ಹೋದವನು ನಾರ್ಮಲ್‌ನಲ್ಲಿ ಬಿಟ್ಟಿರುತ್ತಾನೆ. ಫ್ಯಾನೂ ಬಲ್ಬೂ ಸ್ವಲ್ಪ ಮಿಣುಕಿ ಸರಿಹೋಗುತ್ತವೆ, ಕಂಪ್ಯೂಟರ್ ಆರುತ್ತದೆ. ಬೆರಳ ತುದಿಯಲ್ಲಿ ಆ ಸ್ವಿಚ್ಚನ್ನು ಆಚೆ ತಳ್ಳಿದರೆ ಮುಗಿಯುವ ಕೆಲಸಕ್ಕೆ ಎಷ್ಟು ಎಸ್‌ಎಂಪಿಎಸ್‌ಗಳು ಬಲಿಯಾಗಿವೆಯೋ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂಬ ದೂರೂ ಈ ಎಮ್ಮೆಯ ತಲೆಗೇ. “ಎಸ್‌ಎಂಪಿಎಸ್ ಲೀಕೇಜ್” ಎನ್ನುತ್ತಾರೆ. ಎಸ್‌ಎಂಪಿಎಸ್‌ನ ಒಳಗೆ ಗದ್ದಲ ಸೋಸುವ ಪುಟ್ಟ ಕೆಪಾಸಿಟರುಗಳಿರುತ್ತವೆ, ಅವು ತಗಡನ್ನು ಅರ್ಥಿಂಗಿಗೆ ಸೇರಿಸಿಯೇ ಕೆಲಸ ಮಾಡುವಂಥವು. ಹಳೆಯ ಮನೆಯ ಪ್ಲಗ್ಗಿನ ಮೂರನೆಯ ತೂತಿನ ಹಿಂದೆ ತಂತಿಯೇ ಇಲ್ಲದಿದ್ದರೆ, ಆ ಕರೆಂಟು ಹೋಗಲು ದಾರಿಯಿಲ್ಲದೆ ತಗಡಿನ ಮೇಲೆ ನಿಂತು ನಿಮ್ಮ ಬೆರಳಿಗಾಗಿ ಕಾಯುತ್ತದೆ. ಹೊಸ ಎಸ್‌ಎಂಪಿಎಸ್‌ನಲ್ಲೂ ಅದೇ ಕೆಪಾಸಿಟರುಗಳು, ಅದೇ ಜುಮ್ಮು. ಕರೆಯಬೇಕಾದದ್ದು ವೈರಿಂಗ್ ಮಾಡುವವರನ್ನು.

ಓದು ಬರಹ ಬಲ್ಲವರು ಇನ್ನೊಂದು ಸಾಕ್ಷಿ ತರುತ್ತಾರೆ. ವಿಂಡೋಸಿನ ಈವೆಂಟ್ ವ್ಯೂಯರ್ ತೆಗೆದು, “ಕರ್ನಲ್-ಪವರ್ 41” ಎಂಬ ಕೆಂಪು ಗುರುತಿನ ಸಾಲು ತೋರಿಸಿ, “ನೋಡಿ, ಪವರ್ ಅಂತ ಅದೇ ಹೇಳ್ತಿದೆ” ಎನ್ನುತ್ತಾರೆ. ಆ ಸಾಲಿನ ಅರ್ಥ ಇಷ್ಟೇ: ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಎದ್ದಿದೆ. ಪ್ಲಗ್ ಕಿತ್ತರೂ ಅದೇ ಸಾಲು, ನೀಲಿ ಪರದೆ ಬಂದು ಮತ್ತೆ ಎದ್ದರೂ ಅದೇ ಸಾಲು, ಗುಂಡಿ ಹಿಡಿದು ನೀವೇ ಆರಿಸಿದರೂ ಅದೇ ಸಾಲು. ಸತ್ತದ್ದು ನಿಜ ಎಂಬ ಪ್ರಮಾಣಪತ್ರವನ್ನು ಕೊಲೆಗಾರನ ಹೆಸರು ಎಂದು ಓದಿದಂತಾಯಿತು.

ಅಂಗಡಿಯವರಿಗೂ ಒಂದು ವಾದವಿದೆ, ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. “ಸಾರ್, ಒಂದು ಸಿಸ್ಟಮ್ ಮುಂದೆ ಅರ್ಧ ದಿನ ಕೂತ್ರೆ ಬಾಡಿಗೆ ಯಾರ್ ಕಟ್ತಾರೆ? ಪಾರ್ಟ್ಸಿಗೆ ಜನ ದುಡ್ಡು ಕೊಡ್ತಾರೆ, ಯೋಚನೆಗೆ ಕೊಡಲ್ಲ.” ಇದು ನಿಜ. ಹಳೆಯದನ್ನು ಮರಳಿ ಹಾಕಿ ನೋಡಿ ಕಾರಣ ಹುಡುಕಿ, ಗುಂಡಿ ಉಜ್ಜಿ ಕೊಟ್ಟು, ಇನ್ನೂರು ರೂಪಾಯಿ ಕೇಳಿದರೆ “ಏನೂ ಹಾಕೇ ಇಲ್ವಲ್ಲ, ಯಾಕೆ ಇನ್ನೂರು?” ಎನ್ನುವವರು ನಾವೇ. ಹೊಸ ಡಬ್ಬಿ ಕೈಗಿಟ್ಟರೆ ಎರಡು ಸಾವಿರದ ಆರುನೂರನ್ನು ಮರುಮಾತಿಲ್ಲದೆ ಕೊಡುತ್ತೇವೆ. ಆದ್ದರಿಂದ ಈ ಖಂಡನೆಯಲ್ಲಿ ಅಂಗಡಿಯವರ ಪಾಲು ಎಷ್ಟೋ ಗಿರಾಕಿಗಳ ಪಾಲೂ ಅಷ್ಟೇ. ಆದರೆ ಅದು ದುಡಿಮೆಯ ಕಷ್ಟದ ಮಾತಾಯಿತು. “ಹೆಚ್ಚಿನ ಸಲ ಎಸ್‌ಎಂಪಿಎಸ್ಸೇ ಆಗಿರುತ್ತೆ” ಎಂಬ ಅವರ ಇನ್ನೊಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಮರಳಿ ಹಾಕಿ ನೋಡದವನಿಗೆ ಹೆಚ್ಚಿನ ಸಲ ಏನಾಗಿತ್ತು ಎಂದು ತಿಳಿಯುವುದಾದರೂ ಹೇಗೆ? ಬದಲಿಸಿದಾಗಲೆಲ್ಲ ಲೆಕ್ಕದ ಪುಸ್ತಕಕ್ಕೆ ಎಸ್‌ಎಂಪಿಎಸ್ ಎಂದು ಬರೆದುಕೊಂಡರೆ ಪುಸ್ತಕದ ತುಂಬ ಎಸ್‌ಎಂಪಿಎಸ್ಸೇ ಇರುತ್ತದೆ.

ಹಸಿರು ತಂತಿಗೂ ಕಪ್ಪು ತಂತಿಗೂ ಪೇಪರ್ ಕ್ಲಿಪ್ ಸಿಕ್ಕಿಸಿ, ಫ್ಯಾನು ತಿರುಗಿದರೆ ಸರಿಯಿದೆ, ತಿರುಗದಿದ್ದರೆ ಹೋಗಿದೆ ಎನ್ನುವ ಪರೀಕ್ಷೆಯನ್ನು ದೊಡ್ಡ ವಿದ್ಯೆಯೆಂಬಂತೆ ಹೇಳುವವರಿದ್ದಾರೆ. ತಿರುಗದಿದ್ದರೆ ಏನೋ ತಿಳಿಯಿತು ಎನ್ನೋಣ. ತಿರುಗಿದರೆ ತಿಳಿದದ್ದು ಕಡಿಮೆ, ಏಕೆಂದರೆ ಹೊರೆಯೇ ಇಲ್ಲದೆ ಎತ್ತಿನ ಬಲ ನೋಡಿದ ಹಾಗೆ. ಮಲ್ಟಿಮೀಟರಿನಲ್ಲಿ 12 ವೋಲ್ಟ್ ಅಳೆಯುವುದಾದರೆ ಯಂತ್ರ ದುಡಿಯುತ್ತಿರುವಾಗ ಅಳೆಯಬೇಕು. 11.4ರಿಂದ 12.6ರ ನಡುವೆ ಇರಬೇಕೆಂಬುದು ನಿಯಮ. ಗೇಮ್ ತೆರೆದೊಡನೆ ಅದು 11.4ರ ಕೆಳಗೆ ಜಾರಿ ಯಂತ್ರ ಆರಿದರೆ, ಆಗ ಬನ್ನಿ, ಎಮ್ಮೆಗೆ ಬರೆ ಹಾಕಲು ನಾನೂ ಕೈಜೋಡಿಸುತ್ತೇನೆ.

“ಅಸೆಂಬಲ್ ಮಾಡಿದ್ರೆ ಹೀಗೇ, ಬ್ರಾಂಡೆಡ್ ತಗೋಬೇಕಿತ್ತು” ಎಂಬ ಉಪದೇಶದ ಬಗ್ಗೆ ಹೆಚ್ಚು ಬರೆಯಲಾರೆ. ಬ್ರಾಂಡೆಡ್ ಯಂತ್ರದ ಗುಂಡಿಯೂ ಅಂಟುತ್ತದೆ. ಮನೆಯಲ್ಲಿ ಜೋಡಿಸಿದ ಯಂತ್ರಕ್ಕೆ ಒಂದು ದೊಡ್ಡ ಅನುಕೂಲವುಂಟು: ಬಿಚ್ಚಬಹುದು. ಬೋರ್ಡನ್ನು ಹೊರತೆಗೆದು, ಅದು ಬಂದಿದ್ದ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರ್, ಹೀಟ್‌ಸಿಂಕ್, ಒಂದೇ ರ್ಯಾಮ್ ಕಡ್ಡಿ ಇಷ್ಟರಲ್ಲಿ ಸ್ಕ್ರೂಡ್ರೈವರ್ ತಾಗಿಸಿ ಓಡಿಸಿದರೆ ಹಿತ್ತಾಳೆ ಕಾಲಿನಿಂದ ಹಿಡಿದು ಅಂಟಿದ ಗುಂಡಿಯವರೆಗೆ ಅರ್ಧ ಅನುಮಾನಿತರು ಒಂದೇ ಏಟಿಗೆ ಹೊರಗೆ. ಆಮೇಲೆ ಒಂದೊಂದಾಗಿ ಸೇರಿಸುತ್ತಾ ಹೋಗಬೇಕು, ಒಂದು ಸಲಕ್ಕೆ ಒಂದೇ. ಡಿಡಿಆರ್5 ರ್ಯಾಮ್ ಹಾಕಿದ ಹೊಸ ಬೋರ್ಡಾಗಿದ್ದರೆ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು, ತಾನಾಗಿ ಒಂದೆರಡು ಸಲ ಆರಿ ಹೊತ್ತಲೂಬಹುದು. ರ್ಯಾಮಿನ ಜೊತೆ ಪಳಗುತ್ತಿರುತ್ತದೆ ಅದು. ಆ ಕೆಲವು ನಿಮಿಷ ಕಾಯಲಾರದೆ ಬೋರ್ಡನ್ನು ಅಂಗಡಿಗೆ ವಾಪಸು ಕೊಟ್ಟವರೂ ಇದ್ದಾರೆ.

ಹುಡುಗನ ಕ್ಯಾಬಿನೆಟ್ಟಿಗೆ ಬಂದ ಖರ್ಚು ಸೊನ್ನೆ. ಪಕ್ಕದ ರಿಸೆಟ್ ಗುಂಡಿಯ ತಂತಿಯನ್ನು ಕಿತ್ತು ಪವರ್ ಪಿನ್ನುಗಳಿಗೆ ಸಿಕ್ಕಿಸಿದೆವು. ಈಗ ಅವನು ರಿಸೆಟ್ ಒತ್ತಿ ಕಂಪ್ಯೂಟರ್ ಆನ್ ಮಾಡುತ್ತಾನೆ, ಬಂದ ಗೆಳೆಯರಿಗೆ ತಮಾಷೆಯಾಗಿ ಕಾಣುತ್ತದಂತೆ. ಅಕ್ಕ ಕಾಫಿ ತಂದಳು. ಕಾಫಿ ಕುಡಿದು, ಎರಡನೆಯ ಲೋಟವನ್ನೂ ಕುಡಿದು ಮುಗಿಸಿದೆವು, ಯಂತ್ರ ಓಡುತ್ತಲೇ ಇತ್ತು.

ಮಾರನೆಯ ದಿನ ಅವನ ಜೊತೆ ಅಂಗಡಿಗೆ ಹೋದೆ, ಜಗಳಕ್ಕಲ್ಲ, ಹಳೆಯ ಎಸ್‌ಎಂಪಿಎಸ್ ಕೇಳಲು. ಕೆಲಸಗಾರ ಒಳ್ಳೆಯ ಹುಡುಗ, ಗುಂಡಿಯ ಕಥೆ ಕೇಳಿ ನಕ್ಕ. “ಹಳೇದು ಅಲ್ಲಿರ್ಬೋದು ಸಾರ್, ನೀವೇ ನೋಡ್ಕೊಳ್ಳಿ” ಎಂದು ಮೂಲೆ ತೋರಿಸಿದ. ಮೊಣಕಾಲೆತ್ತರದ ರಾಶಿ, ತಂತಿಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಮೇಲೆ ಒಂದು ರಟ್ಟಿನ ತುಂಡಿನಲ್ಲಿ ಮಾರ್ಕರಿನಿಂದ “ಡೆಡ್” ಎಂದು ಬರೆದಿತ್ತು. ಹುಡುಗ ಕೂತು ಒಂದೊಂದಾಗಿ ಬಿಡಿಸಿ, ತಾನು ಅಂಟಿಸಿದ್ದ ಸ್ಟಿಕರ್ ಗುರುತು ಹಿಡಿದು ತನ್ನದನ್ನು ಎಳೆದು ತೆಗೆದ. ಮನೆಗೆ ಬಂದು ಹೊಸದನ್ನು ಬಿಚ್ಚಿ ಅದನ್ನೇ ಹಾಕಿದ. ಇದನ್ನು ಬರೆಯುವ ಹೊತ್ತಿಗೆ ಆರು ತಿಂಗಳಾಯಿತು, ಓಡುತ್ತಿದೆ.